ಟಿಗ್ ಮಷೀನು ಆರಿಸಲು ಹೋದ ಮೇಷ್ಟ್ರು

ಟಿಗ್ ವೆಲ್ಡಿಂಗನ್ನು ನಾನು ನಾಲ್ಕು ವರ್ಷ ಪಾಠ ಮಾಡಿದೆ. ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಟಿಗ್ ಮಷೀನನ್ನು ಕೈಯಲ್ಲಿ ಮುಟ್ಟಿರಲಿಲ್ಲ. ಈಗ ಹೇಳಿಕೊಂಡು ನಗುತ್ತೇನೆ. ಆಗ ಯಾರಾದರೂ ಕೇಳಿದ್ದರೆ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದೆ.

ಗೌರಿಬಿದನೂರಿನಿಂದ ತೊಂಡೇಬಾವಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಐಟಿಐ ಅದು. ಹಳೇ ಕಡಲೇಕಾಯಿ ಗೋಡೌನಿಗೆ ಸುಣ್ಣ ಬಳಿದು, ಮಧ್ಯೆ ಗೋಡೆ ಎಬ್ಬಿಸಿ ಎರಡು ಭಾಗ ಮಾಡಿದ್ದರು. ಒಂದು ಕಡೆ ಫಿಟ್ಟರ್, ಇನ್ನೊಂದು ಕಡೆ ವೆಲ್ಡರ್. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಥಿಯರಿ ಪಾಠಕ್ಕೆಂದು ಸೇರಿಕೊಂಡವನು. ಸೇರಿದ ಮೂರನೇ ತಿಂಗಳಿಗೆ ವೆಲ್ಡಿಂಗ್ ಹೇಳಿಕೊಡುತ್ತಿದ್ದವರು ಹೊಸೂರಿನ ಯಾವುದೋ ಕಾರ್ಖಾನೆಗೆ ಹೊರಟುಹೋದರು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಪುಸ್ತಕ ಇದೆಯಲ್ಲ ಸಾರ್, ನೀವೇ ನೋಡ್ಕೊಳ್ಳಿ," ಅಂದರು. ನೋಡಿಕೊಂಡೆ. ಕಡ್ಡಿ ಹಿಡಿದು ಮಾಡುವ ಸಾಮಾನ್ಯ ವೆಲ್ಡಿಂಗನ್ನು ಹುಡುಗರ ಜೊತೆಗೇ ಕಲಿತು, ಅವರಿಗಿಂತ ಒಂದು ದಿನ ಮುಂದೆ ಇರುವ ಹಾಗೆ ಎಚ್ಚರ ವಹಿಸಿದೆ.

ಟಿಗ್‌ನಲ್ಲಿ ಆ ಉಪಾಯವೂ ನಡೆಯುವಂತಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಮಷೀನೇ ಇರಲಿಲ್ಲ. ಅದು ತೆಳು ಸ್ಟೀಲ್ ತಗಡುಗಳನ್ನು ನಾಜೂಕಾಗಿ ಬೆಸೆಯುವ ವಿದ್ಯೆ. ಒಂದು ಕೈಯಲ್ಲಿ ಟಾರ್ಚು, ಅದರ ತುದಿಯಲ್ಲಿ ಸೂಜಿಯಂಥ ಟಂಗ್‌ಸ್ಟನ್, ಸುತ್ತ ಆರ್ಗಾನ್ ಗಾಳಿ. ಇನ್ನೊಂದು ಕೈಯಿಂದ ಕರಗಿದ ಜಾಗಕ್ಕೆ ತೆಳ್ಳಗಿನ ತಂತಿ ಊಡಿಸುತ್ತಾ ಹೋಗಬೇಕು. ಇಷ್ಟನ್ನೂ ನಾನು ಬೋರ್ಡಿನ ಮೇಲೆ ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಯಾವನಾದರೂ ಎದ್ದು, "ಸಾರ್, ಒಂದೂವರೆ ಎಂಎಂ ತಗಡಿಗೆ ಕರೆಂಟು ಎಷ್ಟಿಡಬೇಕು?" ಅಂತ ಕೇಳಿದರೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಅದು ಅನುಭವದಿಂದ ಬರಬೇಕಪ್ಪಾ," ಅನ್ನುತ್ತಿದ್ದೆ. ಹುಡುಗರು ಅದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು.

ನಮ್ಮ ಕಾಲನಿಯಲ್ಲಿ 'ಸಾರ್' ಅನ್ನಿಸಿಕೊಂಡ ಮೊದಲನೆಯವನು ನಾನು. ಅಪ್ಪ ಬಂಡೆ ಒಡೆಯುವ ಕೆಲಸದಲ್ಲಿದ್ದವರು. ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲೇ ಅಷ್ಟೇ ದೊಡ್ಡ ಫ್ರೇಮಿನಲ್ಲಿ ನನ್ನ ಡಿಪ್ಲೊಮಾ ಸರ್ಟಿಫಿಕೇಟು ತೂಗುಹಾಕಿದ್ದರು. ಬಂದವರೆಲ್ಲ ಎರಡಕ್ಕೂ ಕೈಮುಗಿಯುತ್ತಾರೇನೋ ಅಂತ ನನಗೆ ಮುಜುಗರ. ಅಂಥ ಮನೆಯಿಂದ ಬಂದವನಿಗೆ 'ನನಗೆ ಗೊತ್ತಿಲ್ಲ' ಅನ್ನುವ ಎರಡು ಮಾತು ಹೊರಡಿಸುವುದು ಎಷ್ಟು ಕಷ್ಟ ಅಂತ ನಾನು ಯಾರಿಗೂ ಹೇಳಲಿಲ್ಲ. ಅದನ್ನು ಹೇಳಬೇಕಾದರೂ ಮೊದಲು ಗೊತ್ತಿಲ್ಲ ಅಂತ ಒಪ್ಪಿಕೊಳ್ಳಬೇಕಿತ್ತಲ್ಲ.

ನಾಲ್ಕನೇ ವರ್ಷದ ಕೊನೆಯಲ್ಲಿ ಒಂದು ದಿನ ಪ್ರಿನ್ಸಿಪಾಲರು ಬಹಳ ಖುಷಿಯಲ್ಲಿ ನನ್ನನ್ನು ಕರೆದರು. ಟ್ರಸ್ಟಿನವರು ಒಂದು ಟಿಗ್ ಮಷೀನಿಗೆ ಒಪ್ಪಿಗೆ ಕೊಟ್ಟಿದ್ದರು. ಕುಡುಮಲಕುಂಟೆಯ ಕಾರ್ಖಾನೆಗಳಲ್ಲಿ ಟಿಗ್ ಗೊತ್ತಿರುವ ಹುಡುಗರನ್ನು ಕೇಳುತ್ತಿದ್ದಾರೆ ಅಂತ ಪ್ರಿನ್ಸಿಪಾಲರೇ ಓಡಾಡಿ ಮಾಡಿಸಿಕೊಂಡ ಕೆಲಸ.

"ಚಿಕ್ಕಬಳ್ಳಾಪುರದ ಅಂಗಡಿಯವನು ಎರಡು ಥರ ಹೇಳ್ತಿದಾನೆ," ಅಂದರು. "ಒಂದು ಅನಲಾಗ್ ಅಂತೆ, ತಿರುಗಿಸೋ ನಾಬುಗಳು. ಇನ್ನೊಂದು ಡಿಜಿಟಲ್, ಅಂಕಿ ಬರುತ್ತೆ, ಬಟನ್ ಒತ್ತಬೇಕು. ಏಮಂಟಾರು? ಏನಂತೀರಾ? ಇದ್ರಲ್ಲಿ ನಿಮ್ಮಷ್ಟು ಗೊತ್ತಿರೋರು ನಮ್ಮಲ್ಲಿ ಯಾರಿದಾರೆ?"

ಅವರ ಊರು ಆಂಧ್ರದ ಗಡಿಗೆ ಅಂಟಿಕೊಂಡಂತಿದ್ದುದರಿಂದ ಖುಷಿಯಾದಾಗ ತೆಲುಗು ಮೊದಲು ಬರುತ್ತಿತ್ತು. ಅವರ ಪಕ್ಕ ಕೂತಿದ್ದ ಫಿಟ್ಟರ್ ಮೇಡಂ ನನ್ನ ಮುಖವನ್ನೇ ನೋಡಿದರು. ಫಿಟ್ಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಇವರದು ಮಾತು ಕಮ್ಮಿ, ಉಕ್ಕು ಉಜ್ಜಿ ಸಮ ಮಾಡುವ ಅರ ಹಿಡಿದರೆ ಗಂಡಸರಿಗಿಂತ ನೇರ ಕೈ. ನಾನು ಗಂಭೀರವಾಗಿ, "ಎರಡಕ್ಕೂ ಅದರದರ ಗುಣ ಇದೆ ಸಾರ್," ಅಂದೆ. ಏನು ಗುಣ ಅಂತ ಅವರು ಕೇಳಲಿಲ್ಲ, ಪುಣ್ಯ.

ಆ ಶನಿವಾರ ಮೂವರೂ ಚಿಕ್ಕಬಳ್ಳಾಪುರದ ಅಂಗಡಿಗೆ ಹೋದೆವು. ಎರಡು ಮಷೀನುಗಳನ್ನೂ ಪಕ್ಕಪಕ್ಕ ಇಟ್ಟಿದ್ದರು. ಅನಲಾಗ್ ಮಷೀನಿನ ಮುಖದಲ್ಲಿ ಐದಾರು ದಪ್ಪ ನಾಬುಗಳು, ಹಳೇ ರೇಡಿಯೋ ಥರ. ಡಿಜಿಟಲ್ ಮಷೀನಿನಲ್ಲಿ ಕೆಂಪಗೆ ಹೊಳೆಯುವ ಅಂಕಿ, ಕೆಳಗೆ ಸಾಲಾಗಿ ಬಟನ್ನು, ಪಕ್ಕದಲ್ಲೇ ಯಾವ ದಪ್ಪದ ತಗಡಿಗೆ ಎಷ್ಟು ಆಂಪಿಯರ್ ಅಂತ ಅಂಟಿಸಿದ ಒಂದು ಪಟ್ಟಿ. ಆ ಪಟ್ಟಿ ಕಂಡ ಕೂಡಲೇ ನನ್ನ ಮನಸ್ಸು ಡಿಜಿಟಲ್ಲಿಗೆ ಒಲಿಯಿತು. ಇನ್ನು ಮೇಲೆ ಯಾವ ಹುಡುಗ ಎದ್ದು ಕೇಳಿದರೂ ಕನ್ನಡಕ ಒರೆಸಬೇಕಾಗಿಲ್ಲ, ಬೆರಳು ತೋರಿಸಿದರೆ ಸಾಕು.

ಅಷ್ಟರಲ್ಲಿ ಅಂಗಡಿಯವನು ಟಾರ್ಚನ್ನು ನನ್ನ ಕೈಗೆ ಚಾಚಿದ. "ಸಾರ್, ನೀವೇ ಎರಡರಲ್ಲೂ ಒಂದೊಂದು ಬೀಡ್ ಹಾಕಿ ನೋಡಿಬಿಡಿ. ಮಾಡೋರಿಗೇ ಗೊತ್ತಾಗೋದು."

ಬೀಡ್ ಅಂದರೆ ಬೆಸುಗೆಯ ಗೆರೆ. ನನ್ನ ಶರ್ಟನ್ನು ನೋಡಿಕೊಂಡೆ. ಆ ಕ್ಷಣ ಎಲ್ಲಿಂದಲೋ ಬುದ್ಧಿ ಬಂತು.

"ಟೆರಿಕಾಟ್ ಶರ್ಟು," ಅಂದೆ. "ಇದನ್ನ ಹಾಕ್ಕೊಂಡು ವೆಲ್ಡಿಂಗ್ ಮಾಡಬಾರದು. ಕಿಡಿ ಬಿದ್ರೆ ಮೈಗೆ ಅಂಟುತ್ತೆ. ಹುಡುಗರಿಗೆ ಹೇಳೋದನ್ನ ನಾವೇ ಮುರಿದ್ರೆ ಹೆಂಗೆ?"

ಪ್ರಿನ್ಸಿಪಾಲರಿಗೆ ನನ್ನ ಶಿಸ್ತು ಕಂಡು ಕಣ್ಣು ತುಂಬಿ ಬಂದಂತಾಯಿತು. ಅಂಗಡಿಯವನು ಗೋಡೆಗೆ ನೇತುಹಾಕಿದ್ದ ಚರ್ಮದ ಏಪ್ರನ್ ಕಡೆ ಕೈ ಚಾಚುತ್ತಿದ್ದ. ಪ್ರಿನ್ಸಿಪಾಲರೇ ತಡೆದರು: "ಬೇಡಪ್ಪಾ, ಟ್ರಸ್ಟ್ ಮೀಟಿಂಗ್ ಇರೋದು ಮುಂದಿನ ತಿಂಗಳ ಕೊನೇಲಿ. ಸಾರ್ ಸರಿಯಾದ ಬಟ್ಟೇಲಿ ಇನ್ನೊಂದ್ಸಲ ಬರ್ತಾರೆ. ಅಷ್ಟರೊಳಗೆ ಯಾವುದು ಯಾಕೆ ಅಂತ ಒಂದು ಟಿಪ್ಪಣೀನೂ ಬರೀತಾರೆ." ಫಿಟ್ಟರ್ ಮೇಡಂ ಏಪ್ರನ್ನನ್ನೂ ನನ್ನನ್ನೂ ಒಂದು ಸಲ ನೋಡಿದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹೆಸರುಕಾಳು ಆರಿಸುತ್ತಾ ಕೇಳಿಸಿಕೊಂಡಳು.

"ಅಂದ್ರೆ ನಾಲ್ಕು ವರ್ಷದಿಂದ ಸುಳ್ಳು ಹೇಳ್ಕೊಂಡೇ ಸಂಬಳ ತಂದ್ರಾ?"

"ಸುಳ್ಳಲ್ಲ ಕಣೇ. ಪುಸ್ತಕದಲ್ಲಿರೋದನ್ನೇ ಹೇಳಿದ್ದು."

"ನಾನೂ ಪುಸ್ತಕ ನೋಡಿ ಈಜು ಹೇಳ್ಕೊಡ್ತೀನಿ, ಬರ್ತೀರಾ ಬಾವಿಗೆ?" ಅಂದು ನಕ್ಕಳು. ಆಮೇಲೆ ದಾರಿ ತೋರಿಸಿದ್ದೂ ಅವಳೇ. ಅವಳ ತವರು ಶಿಡ್ಲಘಟ್ಟ. ಅವಳ ಅಪ್ಪ ದುಡಿಯುತ್ತಿದ್ದ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಗೂಡು ಕುದಿಸುವ ಸ್ಟೀಲಿನ ಬೇಸಿನ್ನುಗಳನ್ನು ಮಾಡಿಕೊಡುವ ಒಬ್ಬ ವಯಸ್ಸಾದ ಉಸ್ತಾದ್ ಇದ್ದರು. "ಅವರು ಹಾಕಿದ ಬೆಸುಗೆ ಕುದಿಯೋ ನೀರಲ್ಲಿ ಹತ್ತು ವರ್ಷ ಇದ್ರೂ ಸೋರಲ್ಲ. ಹೋಗಿ ಕಾಲಿಗೆ ಬೀಳಿ," ಅಂದಳು.

ಕಾಲಿಗೆ ಬೀಳಬಹುದಿತ್ತು. ಮೇಷ್ಟ್ರು ಅಂತ ಹೇಳಿಕೊಂಡು ಬೀಳಲು ಮಾತ್ರ ಧೈರ್ಯ ಬರಲಿಲ್ಲ. ಆ ಭಾನುವಾರ ಎರಡು ಬಸ್ಸು ಬದಲಾಯಿಸಿ ಶಿಡ್ಲಘಟ್ಟ ತಲುಪಿ, ಗೂಡು ಬೇಯಿಸುವ ವಾಸನೆ ತುಂಬಿದ ಬೀದಿಯಲ್ಲಿ ಅವರ ಷೆಡ್ಡು ಹುಡುಕಿ ಬಾಗಿಲಲ್ಲಿ ನಿಂತು, "ಕುಡುಮಲಕುಂಟೆ ಫ್ಯಾಕ್ಟರೀಲಿ ಹೆಲ್ಪರ್ ನಾನು. ಟಿಗ್ ಕಲಿಬೇಕು. ಭಾನುವಾರ ಮಾತ್ರ ರಜ," ಅಂದುಬಿಟ್ಟೆ.

ಉಸ್ತಾದ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಿಳಿ ಗಡ್ಡ, ಮುಂಗೈ ತುಂಬಾ ಸುಟ್ಟ ಚುಕ್ಕೆಗಳು. "ಈ ವಯಸ್ಸಲ್ಲಿ ಹೆಲ್ಪರಾ ಬೇಟಾ?" ಅಂತ ಕರುಣೆಯಿಂದ ಕೇಳಿದರು. "ಆಯ್ತು, ಕಲಿಯೋಕೆ ವಯಸ್ಸೇನು. ಮೊದಲು ಆ ಮೂಲೆ ಕಸ ಗುಡಿಸು."

ಗುಡಿಸಿದೆ. ಆಮೇಲೆ ಅವರು ತಮ್ಮ ಮಷೀನು ತೋರಿಸಿದರು. ಅದು ಅನಲಾಗ್. ಎಷ್ಟು ಹಳೆಯದೆಂದರೆ ನಾಬಿನ ಸುತ್ತ ಇದ್ದ ಅಂಕಿಗಳೆಲ್ಲ ಅಳಿಸಿಹೋಗಿ ಬರೀ ತಗಡು ಉಳಿದಿತ್ತು. ಅಂಕಿ ಇರಬೇಕಾದ ಕಡೆ ಉಗುರಿಗೆ ಹಚ್ಚುವ ಬಣ್ಣದಲ್ಲಿ ಮೂರು ಚುಕ್ಕೆ ಇಟ್ಟಿದ್ದರು. ಕೆಂಪು ಚುಕ್ಕೆ ಬೇಸಿನ್ ತಗಡಿಗೆ, ಗುಲಾಬಿ ಚುಕ್ಕೆ ಹಾಲಿನ ಕ್ಯಾನಿಗೆ, ಇನ್ನೊಂದು ದಪ್ಪ ಪೈಪಿಗೆ. ನಾಬನ್ನು ಕೆಂಪು ಚುಕ್ಕೆಗೆ ತಿರುಗಿಸಿ, ಮುಖವಾಡದ ಕರಿಗಾಜು ಇಳಿಸಿ, ಅಂಗೈ ಉದ್ದದ ಒಂದು ಗೆರೆ ಹಾಕಿ ತೋರಿಸಿದರು. ಗಾಜೆತ್ತಿ ನೋಡಿದರೆ ಚಿನ್ನದ ಬಣ್ಣದ ಗೆರೆ, ಮೀನಿನ ಹುರುಪೆ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು.

"ಈ ಬಣ್ಣ ಬಂದ್ರೆ ಸರಿ. ನೀಲಿ ಬಂದ್ರೆ ನಡೆಯುತ್ತೆ. ಕಪ್ಪಾದ್ರೆ ಸುಟ್ಟೆ ಅಂತ ಲೆಕ್ಕ," ಅಂದರು. "ಈಗ ನೀನು."

ನನಗೆ ಕಪ್ಪೂ ಬರಲಿಲ್ಲ. ಟಂಗ್‌ಸ್ಟನ್ ತುದಿಯನ್ನು ಕರಗಿದ ಲೋಹಕ್ಕೆ ಮುಟ್ಟಿಸಿಬಿಟ್ಟೆ. ಮುಟ್ಟಿಸಿದರೆ ಅದು ಹಾಳು, ಮತ್ತೆ ಕಲ್ಲಿಗೆ ಹಿಡಿದು ಚೂಪು ಮಾಡಬೇಕು. ಚೂಪು ಮಾಡಿ ಬಂದು ಮತ್ತೆ ಮುಟ್ಟಿಸಿದೆ. ಇದು ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆಯಿತು. ಒಂದು ಸಲ ಸಂಕಟಕ್ಕೆ, "ಟಂಗ್‌ಸ್ಟನ್ ಕರಗದ ಎಲೆಕ್ಟ್ರೋಡು, ಅದು ಜಾಬಿಗೆ, ಅಂದರೆ ಬೆಸೆಯುವ ತಗಡಿಗೆ, ತಾಗಬಾರದು," ಅಂತ ನನಗೆ ನಾನೇ ಪಾಠದ ದನಿಯಲ್ಲಿ ಹೇಳಿಕೊಂಡೆ. "ಗೊತ್ತಿದೆಯಲ್ಲ! ಮತ್ತೆ ಯಾಕೆ ತಾಗಿಸ್ತೀಯ?" ಅಂತ ಉಸ್ತಾದ್ ನಿಜವಾಗಿಯೂ ಆಶ್ಚರ್ಯಪಟ್ಟರು.

ಅವಸರದಲ್ಲಿ ಎರಡು ಮೂರು ಸಲ ಗಾಜು ಇಳಿಸದೆ ಬೆಂಕಿ ಹೊತ್ತಿಸಿದ್ದೆ. ಅದರ ಫಲ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಸಿಕ್ಕಿತು. ಕಣ್ಣಿಗೆ ಮರಳು ಹಾಕಿ ಉಜ್ಜಿದ ಹಾಗೆ ಉರಿ, ನೀರು ಧಾರಾಕಾರ. ಹೆಂಡತಿ ಮಲಗಿಸಿ ಎರಡು ಕಣ್ಣಿನ ಮೇಲೂ ಸೌತೆಕಾಯಿ ಬಿಲ್ಲೆ ಇಟ್ಟಳು.

"ಕರಿಗಾಜಿಲ್ದೆ ಬೆಂಕಿ ನೋಡಬಾರದು ಅಂತ ಪಾಠ ಮಾಡೋದು ನೀವೇ ಅಲ್ವಾ?"

"ಹೂಂ."

"ನಿಮ್ಮ ಕ್ಲಾಸಿಗೆ ನೀವೂ ಒಂದಿನ ಹೋಗಿ ಕೂತ್ಕೊಳ್ಳಿ."

ಸೋಮವಾರ ಕಪ್ಪು ಕನ್ನಡಕ ಹಾಕಿಕೊಂಡು ಕ್ಲಾಸಿಗೆ ಹೋದೆ. ಕಣ್ಣು ಬೇನೆ ಅಂತ ಎಲ್ಲರಿಗೂ ಹೇಳಿ, ಯಾರೂ ಹತ್ತಿರ ಬರಬೇಡಿ ಅಂತಲೂ ಸೇರಿಸಿದೆ.

ಆದರೂ ಬಿಡಲಿಲ್ಲ. ಐದು ಭಾನುವಾರ ಹೋದೆ. ಮೂರನೆಯ ವಾರ ಟಂಗ್‌ಸ್ಟನ್ ತಾಗಿಸುವುದು ಕಮ್ಮಿಯಾಯಿತು. ನಾಲ್ಕನೆಯ ವಾರ ಗೆರೆ ಕಪ್ಪಗಾದರೂ ನೇರ ಹೋಯಿತು. ಐದನೆಯ ವಾರ ಕೆಂಪು ಚುಕ್ಕೆಗೆ ನಾಬು ತಿರುಗಿಸಿ, ಉಸಿರು ಬಿಗಿಹಿಡಿದು ಎಳೆದ ಗೆರೆಯಲ್ಲಿ ಸುಮಾರು ಎರಡು ಇಂಚಿನಷ್ಟು ಜಾಗ ಚಿನ್ನದ ಬಣ್ಣಕ್ಕೆ ತಿರುಗಿತು. ಉಸ್ತಾದ್ ಅದನ್ನು ಉಗುರಿನಿಂದ ಸವರಿ, "ಇದು ಬೆಸುಗೆ," ಅಂದರು. ಉಳಿದ ನಾಲ್ಕು ಇಂಚಿನ ಬಗ್ಗೆ ಏನೂ ಹೇಳಲಿಲ್ಲ. ಆ ತಗಡಿನ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಬಂದೆ. ಬಸ್ಸಿನಲ್ಲಿ ನಾಲ್ಕು ಸಲ ತೆಗೆದು ನೋಡಿದೆ.

ನನ್ನ ತಲೆ ಕೆಟ್ಟಿದ್ದು ಅಲ್ಲಿಂದಲೇ. ಎರಡು ಇಂಚು ಚಿನ್ನ ಕಂಡವನು ಅನಲಾಗಿನ ಪರಮ ಭಕ್ತನಾಗಿಬಿಟ್ಟೆ. ಅಂಕಿ ಏನು ಅಂಕಿ, ಕೈಗೆ ಗೊತ್ತಾಗಬೇಕು, ಕಣ್ಣಿಗೆ ಗೊತ್ತಾಗಬೇಕು. ಉಸ್ತಾದರು ಅಂಕಿಯನ್ನೇ ಅಳಿಸಿಹಾಕಿ ಚುಕ್ಕೆಯಿಟ್ಟು ಕೆಲಸ ಮಾಡುವುದರಲ್ಲಿ ಯಾವುದೋ ದೊಡ್ಡ ತತ್ವ ಇದೆ ಅಂತ ನನಗೆ ಹೊಳೆಯಿತು. ಪ್ರಿನ್ಸಿಪಾಲರು ಕೇಳಿದ್ದು ಒಂದು ಪುಟದ ಟಿಪ್ಪಣಿ. ನಾನು ನಾಲ್ಕು ಪುಟ ಬರೆದೆ. 'ಕುಶಲಕರ್ಮಿಯ ಕೈಗೂ ಲೋಹಕ್ಕೂ ನಡುವೆ ಅಂಕಿಯೊಂದು ಅಡ್ಡ ಬರಬಾರದು' ಅನ್ನುವುದು ಅದರ ಮೊದಲ ಸಾಲು. ನಾಬನ್ನು ಕೈಗವಸು ಹಾಕಿಕೊಂಡೂ ತಿರುಗಿಸಬಹುದು, ಕೆಟ್ಟರೆ ನಮ್ಮೂರಲ್ಲೇ ರಿಪೇರಿಯಾಗುತ್ತದೆ ಅನ್ನುವ ಎರಡು ಒಳ್ಳೆಯ ಕಾರಣಗಳೂ ಇದ್ದವು. ಆದರೆ ಅವು ಮೂರನೇ ಪುಟದ ಕೊನೆಯಲ್ಲಿ ಬರುತ್ತಿದ್ದವು. ಅಲ್ಲಿಯವರೆಗೆ ಯಾರೂ ಓದಿರಲಾರರು. ಪ್ರಿನ್ಸಿಪಾಲರು ಮೊದಲ ಸಾಲನ್ನು ಜೋರಾಗಿ ಓದಿ, "ಭೇಷ್," ಅಂದು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಮತ್ತೆ ಮೂವರೂ ಚಿಕ್ಕಬಳ್ಳಾಪುರಕ್ಕೆ ಹೋದೆವು. ಈ ಸಲ ನಾನು ಹತ್ತಿಯ ಶರ್ಟು ಹಾಕಿದ್ದೆ, ತೋಳನ್ನು ಮಡಚದೆ ಗುಂಡಿ ಹಾಕಿದ್ದೆ. ಅಂಗಡಿಯವನು ಕೊಡುವ ಮೊದಲೇ ಟಾರ್ಚು ತೆಗೆದುಕೊಂಡೆ. ಅನಲಾಗ್ ಮಷೀನಿನ ಮುಂದೆ ನಿಂತು, ಉಸ್ತಾದರ ನಾಬು ಕೆಂಪು ಚುಕ್ಕೆಯಲ್ಲಿದ್ದಾಗ ಹೇಗಿರುತ್ತಿತ್ತೋ ಅದೇ ಓರೆಗೆ, ಗಡಿಯಾರದಲ್ಲಿ ಹತ್ತು ಗಂಟೆ ಇರುವ ಕಡೆಗೆ, ನಾಬನ್ನು ತಿರುಗಿಸಿದೆ.

"ಎಷ್ಟಿಟ್ರಿ ಸಾರ್?" ಅಂದ ಅಂಗಡಿಯವನು. "ಸ್ಕೇಲ್ ಇಲ್ಲೇ ಇದೆ ನೋಡಿ."

"ಸ್ಕೇಲ್ ಬೇಡ," ಅಂದೆ. ದೇವರಾಣೆ ಹಾಗೇ ಅಂದೆ.

ಗಾಜು ಇಳಿಸಿ ಬೆಂಕಿ ಹೊತ್ತಿಸಿದೆ. ಎರಡು ಎಣಿಸುವಷ್ಟರಲ್ಲಿ ತಗಡು ಬೆಣ್ಣೆಯ ಹಾಗೆ ಕುಸಿದು ಆಚೆ ಕಡೆ ಉದುರಿತು. ಗಾಜೆತ್ತಿ ನೋಡಿದರೆ ಎಂಟಾಣೆ ಗಾತ್ರದ ತೂತು. "ತಗಡು ಸರಿಯಿಲ್ಲ," ಅಂದು ಇನ್ನೊಂದು ತುಂಡು ಕೇಳಿದೆ. ಅದರಲ್ಲೂ ತೂತು. ಮೂರನೆಯದರಲ್ಲಿ ಅವಸರವಾಗಿ ಕೈ ಓಡಿಸಿದ್ದಕ್ಕೆ ತೂತಿನ ಬದಲು ಉದ್ದಕ್ಕೆ ಸೀಳಿಕೊಂಡಿತು.

ವಿಷಯ ಸರಳ. ಉಸ್ತಾದರದು ಸಣ್ಣ ಮಷೀನು, ಇದು ಅದರ ಎರಡರಷ್ಟು ದೊಡ್ಡದು. ಅಲ್ಲಿ ಹತ್ತು ಗಂಟೆಯ ಕಡೆ ಇಟ್ಟರೆ ಬರುವ ಕರೆಂಟಿಗೂ ಇಲ್ಲಿ ಬರುವ ಕರೆಂಟಿಗೂ ಸಂಬಂಧವಿಲ್ಲ. ಹುಡುಗರಿಗೆ ಪರೀಕ್ಷೆಗೆ ಈ ಪ್ರಶ್ನೆಯನ್ನೇ ನಾನು ಕೊಟ್ಟಿದ್ದುಂಟು.

ಅಂಗಡಿಯವನು ಮೆಲ್ಲಗೆ, "ನೀವು ಮಾಮೂಲಿ ಎಷ್ಟು ಆಂಪಿಯರ್ ಹಾಕ್ತೀರಿ ಸಾರ್? ಹೇಳಿ, ಅಷ್ಟೇ ಇಟ್ಟುಕೊಡ್ತೀನಿ," ಅಂದ. ನನಗೆ ಗೊತ್ತಿದ್ದದ್ದು ಕೆಂಪು ಚುಕ್ಕೆ ಒಂದೇ.

ಆಗ ಫಿಟ್ಟರ್ ಮೇಡಂ, "ನಾನೊಂದ್ಸಲ ನೋಡ್ಲಾ?" ಅಂತ ಕೇಳಿದರು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿ ಮೇಲೆ ಏಪ್ರನ್ ಹಾಕಿಕೊಂಡರು. ಡಿಜಿಟಲ್ ಮಷೀನಿನ ಪಟ್ಟಿಯಲ್ಲಿ ತಗಡಿನ ದಪ್ಪ ಹುಡುಕಿ, ಎದುರಿಗಿದ್ದ ಅಂಕಿ ಓದಿ, ಬಟನ್ ಒತ್ತಿ ಐವತ್ತಕ್ಕೆ ತಂದರು. ಟಾರ್ಚು ಹೇಗೆ ಹಿಡಿಯುವುದೆಂದು ಅಂಗಡಿಯವನನ್ನು ನಾಚಿಕೆಯಿಲ್ಲದೆ ಕೇಳಿದರು, ಅವನು ತೋರಿಸಿದ. ಅವರ ಗೆರೆ ಹಾವಿನ ಹಾಗೆ ಅಂಕುಡೊಂಕಾಗಿ ಹೋಯಿತು, ನಡುವೆ ಒಂದು ಸಲ ಟಂಗ್‌ಸ್ಟನ್ನೂ ತಾಗಿತು. ಆದರೆ ತೂತು ಬೀಳಲಿಲ್ಲ. ಎರಡು ತಗಡೂ ಅಂಟಿದ್ದವು.

ಪ್ರಿನ್ಸಿಪಾಲರು ನನ್ನ ಮೂರು ತುಂಡುಗಳನ್ನೂ ಮೇಡಂ ಅವರ ಒಂದು ತುಂಡನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಜೇಬಿನಿಂದ ನನ್ನ ನಾಲ್ಕು ಪುಟ ತೆಗೆದು ಕೈಗಿಟ್ಟು, "ಇನ್ನೊಂದ್ಸಲ ಯೋಚನೆ ಮಾಡಿ ಸಾರ್. ಮೀಟಿಂಗಿಗೆ ಇನ್ನೂ ಮೂರು ದಿನ ಇದೆ," ಅಂದರು.

ಅವರಿಬ್ಬರೂ ಗೌರಿಬಿದನೂರಿನ ಬಸ್ಸು ಹತ್ತಿದರು. ನಾನು ಏನೋ ಕೆಲಸವಿದೆ ಅಂತ ಹೇಳಿ ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಮಧ್ಯಾಹ್ನದ ಊಟ ಮುಗಿಸಿ ಉಸ್ತಾದ್ ಷೆಡ್ಡಿನ ಮುಂದೆ ಕೂತಿದ್ದರು. "ಇವತ್ತು ಭಾನುವಾರ ಅಲ್ಲವಲ್ಲ ಬೇಟಾ?" ಅಂದರು. ನಾನು ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ನಾನು ಹೆಲ್ಪರ್ ಅಲ್ಲ, ಐಟಿಐ ಮೇಷ್ಟ್ರು. ನಾಲ್ಕು ವರ್ಷದಿಂದ ಟಿಗ್ ಪಾಠ ಮಾಡ್ತಿದೀನಿ. ಇವತ್ತು ಎಲ್ಲರೆದುರು ಮೂರು ತಗಡು ತೂತು ಮಾಡಿ ಬಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ, ಇಲ್ಲವೇ ನಗುತ್ತಾರೆ ಅಂತ. ಎರಡೂ ಆಗಲಿಲ್ಲ. ಅವರ ಮುಖ ಸಣ್ಣದಾಯಿತು.

"ಮೇಷ್ಟ್ರ ಕೈಲಿ ಕಸ ಗುಡಿಸಿಬಿಟ್ನಾ ನಾನು? ಐದು ವಾರ?" ಅಂದರು. ಎದ್ದು ಒಳಗೆ ಹೋಗಿ ಇದ್ದ ಒಂದೇ ಕುರ್ಚಿ ತಂದು, ಹೆಗಲ ಟವೆಲಿನಿಂದ ಒರೆಸಿ, "ಕೂತ್ಕೊಳ್ಳಿ ಸಾರ್," ಅಂದರು.

ಆ 'ಸಾರ್' ಕೇಳಿ ನನಗಾದ ಅವಮಾನ ಅಂಗಡಿಯಲ್ಲೂ ಆಗಿರಲಿಲ್ಲ. "ಬೇಟಾ ಅಂತಲೇ ಕರೀರಿ," ಅಂತ ಬೇಡಿಕೊಂಡೆ. ಅವರು ಒಪ್ಪಲಿಲ್ಲ. ನಾನೂ ಕುರ್ಚಿಯಲ್ಲಿ ಕೂರಲಿಲ್ಲ. ಕುರ್ಚಿಯನ್ನು ನಡುವೆ ಖಾಲಿ ಬಿಟ್ಟು ಇಬ್ಬರೂ ನಿಂತುಕೊಂಡೇ ಮಾತಾಡಿದೆವು.

ಕೊನೆಗೆ ನನ್ನ ನಾಲ್ಕು ಪುಟವನ್ನು ಓದಿ ಹೇಳಿದೆ. ಅಂಕಿ ಅಡ್ಡ ಬರಬಾರದು ಅನ್ನುವ ಸಾಲು ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಇದು ಯಾರು ಹೇಳಿದ್ದು?"

"ನಿಮ್ಮನ್ನ ನೋಡಿ ಬರೆದಿದ್ದು. ಆ ಚುಕ್ಕೆ..."

"ಅರೆ, ಅಂಕಿ ಅಳಿಸಿ ಹೋಯ್ತು ಅಂತ ಚುಕ್ಕೆ ಇಟ್ಟಿದ್ದು ಸಾರ್! ಇಷ್ಟಪಟ್ಟು ಇಟ್ಟಿದ್ದಲ್ಲ. ಮಗಳ ಡಬ್ಬಿಯಿಂದ ಕದ್ದು ಇಟ್ಟಿದ್ದು." ಷೆಡ್ಡಿನೊಳಗಿನ ಮಷೀನಿನ ಕಡೆ ಕೈ ತೋರಿಸಿ ಹೇಳಿದರು. "ನನ್ನ ಮಷೀನು ನನಗೆ ಗೊತ್ತು, ಅಷ್ಟೆ. ನಾಳೆ ಬೇರೆ ಷೆಡ್ಡಿಗೆ ಹೋದ್ರೆ ನಾನೂ ಮೊದಲನೇ ತಗಡು ತೂತು ಮಾಡ್ತೀನಿ. ನಿಮ್ಮ ಹುಡುಗರು ಒಂದೇ ಮಷೀನಿನ ಮುಂದೆ ಜೀವನ ಮಾಡ್ತಾರಾ? ನಾಲ್ಕು ಕಡೆ ಹೋಗ್ತಾರೆ. ಅಂಕಿ ಇರೋದು ತಗೊಳ್ಳಿ. ಬರೆದುಕೊಂಡು ಹೋಗಲಿ. ಬಣ್ಣ ನೋಡೋದು ಹೆಂಗಿದ್ರೂ ಅಂಕಿ ಕಲಿಸಲ್ಲ, ಅದನ್ನ ನೀವು ಕಲಿಸಿ."

"ನನಗೇ ಬರೋದು ಎರಡು ಇಂಚು."

"ಎರಡು ಇಂಚಿಗೆ ಎಷ್ಟು ಬೇಕೋ ಅಷ್ಟು ಕಲಿಸಿ," ಅಂದರು.

ಹೊಸ ಟಿಪ್ಪಣಿ ಅರ್ಧ ಪುಟ ಆಯಿತು. ಡಿಜಿಟಲ್ ತೆಗೆದುಕೊಳ್ಳೋಣ. ಕಲಿಯುವವರಿಗೆ ಒಂದೇ ಅಂಕಿಯನ್ನು ಮತ್ತೆ ಮತ್ತೆ ಇಟ್ಟು ಅಭ್ಯಾಸ ಮಾಡಲು ಅನುಕೂಲ. ಅನಲಾಗ್ ಸ್ಕೇಲಿನಲ್ಲಿ ನಲವತ್ತಕ್ಕೂ ಅರವತ್ತಕ್ಕೂ ಕೂದಲೆಳೆ ವ್ಯತ್ಯಾಸ, ತೆಳು ತಗಡಿಗೆ ಅದು ಸಾಲದು. ರಿಪೇರಿ ಕಷ್ಟವಾಗಬಹುದು, ಆದ್ದರಿಂದ ಕರೆಂಟಿನ ಏರುಪೇರು ತಡೆಯುವ ಸ್ಟೆಬಿಲೈಸರ್ ಜೊತೆಗೇ ಕೊಳ್ಳಬೇಕು. ಕೆಳಗೆ ನನ್ನ ಸಹಿ, ಅದರ ಕೆಳಗೆ, ನಾನೇ ಕೇಳಿಕೊಂಡಿದ್ದರಿಂದ, ಫಿಟ್ಟರ್ ಮೇಡಂ ಸಹಿ.

ಮಷೀನು ಬಂದ ದಿನ ಪೂಜೆ ಮಾಡಿ, ಅರಿಶಿನ ಕುಂಕುಮವನ್ನು ಬಟನ್ನುಗಳ ಮೇಲೇ ಹಚ್ಚಿಬಿಟ್ಟರು. ಒರೆಸಿ ತೆಗೆಯಲು ಅರ್ಧ ದಿನ ಹಿಡಿಯಿತು. ಮಾರನೇ ದಿನ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡೆ. ರಾತ್ರಿಯೆಲ್ಲ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ ಮಾತನ್ನು ಹೇಳಿದೆ. ಇಷ್ಟು ದಿನ ನಾನು ಈ ಮಷೀನು ಮುಟ್ಟದೆ ಪಾಠ ಮಾಡಿದ್ದೆ, ಈಗ ನಿಮ್ಮ ಜೊತೆಗೇ ಕಲಿಯುತ್ತೇನೆ ಅಂತ. ದೊಡ್ಡ ಮೌನ ಆಗುತ್ತದೆ ಅಂದುಕೊಂಡಿದ್ದೆ. ಹಿಂದಿನ ಸಾಲಿನಿಂದ ಒಬ್ಬ, "ಗೊತ್ತಿತ್ತು ಸಾರ್," ಅಂದ.

"ಹೆಂಗೆ ಗೊತ್ತಿತ್ತು?"

"ವೆಲ್ಡಿಂಗ್ ಮಾಡೋರ ಕೈ ಹಂಗಿರಲ್ಲ ಸಾರ್. ನಿಮ್ಮ ಕೈ ಬ್ಯಾಂಕಲ್ಲಿ ಇರೋರ ಥರ ಇದೆ."

ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಸ್ವಲ್ಪ ತಡವಾಗಿ. ನಾಲ್ಕು ವರ್ಷ ನಾನು ಹೊತ್ತು ತಿರುಗಿದ ಗುಟ್ಟು ಹುಡುಗರಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ.

ತಿಂಗಳ ಮೇಲೆ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಉಸ್ತಾದರನ್ನು ಒಂದು ದಿನದ ಮಟ್ಟಿಗೆ ಕರೆಸಿದೆವು. ಒಗೆದ ಬಿಳಿ ಜುಬ್ಬಾ ಹಾಕಿಕೊಂಡು ಬಂದವರು ಏಪ್ರನ್ ಕೇಳಿ ತೊಟ್ಟುಕೊಂಡರು. ಡಿಜಿಟಲ್ ಅಂಕಿ ಓದಲು ಕನ್ನಡಕ ಬೇಕಾಯಿತು, ನನ್ನದನ್ನೇ ಕೊಟ್ಟೆ. ಒಂದು ಗೆರೆ ಹಾಕಿ, ಬಣ್ಣ ನೋಡಿ, "ಇನ್ನೂ ಕಮ್ಮಿ," ಅಂದರು. ಇಳಿಸಿದೆವು. ಇನ್ನೊಂದು ಗೆರೆ ಹಾಕಿ, "ಒಂಚೂರು ಜಾಸ್ತಿ," ಅಂದರು. ಏರಿಸಿದೆವು. ಮೂರನೆಯ ಗೆರೆ ಅಂಚಿನಿಂದ ಅಂಚಿಗೆ ಚಿನ್ನ. ಹುಡುಗರು ಗೆರೆಯ ಮೇಲೆ ಬಗ್ಗಿದರು. ಉಸ್ತಾದ್ ಮಾತ್ರ ಗೆರೆಯನ್ನು ಬಿಟ್ಟು ಮಷೀನಿನ ಮುಖಕ್ಕೆ ಬಾಗಿದರು.

"ನಲವತ್ತಾರು," ಅಂತ ಓದಿದರು. "ಅಂದ್ರೆ ಇಷ್ಟು ವರ್ಷ ನಾನು ನಲವತ್ತಾರು ಹಾಕ್ತಿದ್ನಾ!" ಅಂದು ಹುಡುಗರ ಕಡೆ ತಿರುಗಿ, "ಬರ್ಕೊಳ್ಳಿ, ಬರ್ಕೊಳ್ಳಿ," ಅಂತ ಅವಸರ ಮಾಡಿದರು. ಆಮೇಲೆ ತಮಗೂ ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿ ಜುಬ್ಬಾದ ಜೇಬಿನಲ್ಲಿಟ್ಟುಕೊಂಡರು.

ಆ ಮಷೀನಿನ ಜೊತೆ ಆರು ವರ್ಷ ಕಳೆದೆ. ಕೈಗವಸು ಹಾಕಿಕೊಂಡು ಬಟನ್ ಒತ್ತಿದರೆ ಒಂದರ ಬದಲು ಎರಡು ಒತ್ತಿಹೋಗುವುದು, ಕರೆಂಟು ಏರುಪೇರಾದಾಗ ಅಂಕಿ ಮಾಯವಾಗಿ ಮಷೀನು ಮುನಿಸಿಕೊಳ್ಳುವುದು ಎಲ್ಲ ಇತ್ತು. ಅನಲಾಗಿನ ಆ ಎರಡು ಒಳ್ಳೆಯ ಕಾರಣಗಳು ನಿಜವೇ ಆಗಿದ್ದವು. ನನ್ನ ಎರಡು ಇಂಚು ನಿಧಾನಕ್ಕೆ ಐದು ಇಂಚಾಯಿತು. ಅದಕ್ಕಿಂತ ಮುಂದೆ ಹೋಗಲಿಲ್ಲ. ನಮ್ಮಲ್ಲಿ ಕಲಿತ ಕೆಲವರು ಕುಡುಮಲಕುಂಟೆಯಲ್ಲಿ ಕೆಲಸಕ್ಕೆ ಸೇರಿದರು. ಒಬ್ಬ ಚಿಂತಾಮಣಿಯಲ್ಲಿ ಹಾಲಿನ ಕ್ಯಾನು ರಿಪೇರಿ ಮಾಡುವ ಅಂಗಡಿ ಇಟ್ಟ.

ಟಿಗ್ ಮಷೀನು ಬಂದ ಮರುವರ್ಷವೇ ಡ್ರಿಲ್ಲಿಂಗ್ ಮಷೀನು ಕೊಳ್ಳುವ ಮಾತು ಬಂದಿತ್ತು. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, ನನ್ನನ್ನು ದಾಟಿಕೊಂಡು ಹೋಗಿ, ಫಿಟ್ಟರ್ ಮೇಡಂ ಮೇಜಿನ ಮೇಲೆ ಕಾಗದ ಇಟ್ಟರು. ಮೇಡಂ ಅಲ್ಲೇ ಕೂತು ಬರೆದ ಟಿಪ್ಪಣಿ ಆರು ಸಾಲು ಇತ್ತು. ಬರೆದು ಮುಗಿಸಿ ನನ್ನ ಕಡೆ ನೂಕಿ, "ಕಾಗುಣಿತ ಒಂದ್ಸಲ ನೋಡಿ ಸಾರ್," ಅಂದರು. ನೋಡಿದೆ. ಒಂದು ತಪ್ಪೂ ಇರಲಿಲ್ಲ.